ಪ್ಲಾಸ್ಟರ್ ಆಗುವ ಮುಂಚೆ ವಾರ್ಡ್‌ರೋಬಿಗೆ ಅಳತೆ ಕೊಡಬೇಡಿ

ಕೊಪ್ಪಳದ ಕಡೆ ಮನೆ ಕಟ್ಟಿಸುತ್ತಿರುವವರು ಒಳಗಿನ ಕೆಲಸಕ್ಕೆ ಆರ್ಡರ್ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ. ಸವ್ವಾ ಇಂಚಿನ ತಪ್ಪಿಗೆ ನಮಗೆ 18 ಸಾವಿರ ರೂಪಾಯಿ ಹೋಯಿತು.

ಗೃಹಪ್ರವೇಶದ ಮುಹೂರ್ತ ಗೊತ್ತಾಗಿತ್ತು. ವಾರ್ಡ್‌ರೋಬ್ ತಯಾರಾಗಲು ಒಂದೂವರೆ ತಿಂಗಳು ಬೇಕೆಂದು ಅಂಗಡಿಯವರು ಅವಸರ ಮಾಡಿದರು. ಇಟ್ಟಿಗೆ ಗೋಡೆ ಎದ್ದ ಕೂಡಲೇ ಅವರ ಹುಡುಗ ಬಂದು ಸೊಂಟದ ಎತ್ತರದಲ್ಲಿ ಒಂದೇ ಸಲ ಟೇಪು ಹಿಡಿದು, ಗೋಡೆಯಿಂದ ಗೋಡೆಗೆ 72 ಇಂಚು ಎಂದು ಬರೆದುಕೊಂಡ. ನಮ್ಮ ಗೌಂಡಿ ಅಲ್ಲೇ ಇದ್ದರು. "ಅಕ್ಕಾರ, ಪ್ಲಾಸ್ಟರ್ ಆಗ್ಲಿ, ಆಮ್ಯಾಲ ಅಳತಿ ಕೊಡ್ರಿ" ಅಂದರು. ನಾನು ಕೇಳಲಿಲ್ಲ, ಡ್ರಾಯಿಂಗಿಗೆ ಸಹಿ ಹಾಕಿಬಿಟ್ಟೆ.

ಪ್ಲಾಸ್ಟರ್ ಒಂದು ಗೋಡೆಗೆ ಅರ್ಧ ಇಂಚು ಬಂತು. ಎದುರಿನ ಗೋಡೆ ಸ್ವಲ್ಪ ಸೊಟ್ಟ ಇತ್ತು, ಅದನ್ನು ತೂಕಕ್ಕೆ, ಅಂದರೆ ನೆಟ್ಟಗೆ ತರಲು ಮುಕ್ಕಾಲು ಇಂಚು ಹಿಡಿಯಿತು. ಉಳಿದ ಜಾಗ 70 ಮುಕ್ಕಾಲು ಇಂಚು, ಬಂದ ಪೆಟ್ಟಿಗೆ ಸರಿಯಾಗಿ 72. ನಾಲ್ಕು ಜನ ಎತ್ತಿ ಒಳಗೆ ತಳ್ಳಿದಾಗ ಪ್ಲೈವುಡ್ಡಿನ ಅಂಚು ಹೊಸ ಗೋಡೆಯನ್ನು ಉದ್ದಕ್ಕೂ ಕೆರೆದು ನಿಂತಿತು. ಅಂಗಡಿಯವರು ನನ್ನ ಸಹಿ ತೋರಿಸಿ ಕೈತೊಳೆದುಕೊಂಡರು. ಕಡೆಗೆ ಬೇರೆ ಬಡಿಗೇರರನ್ನು ಕರೆಸಿ, ಒಂದು ಬದಿ ಕೊಯ್ಸಿ, ಡ್ರಾಯರು, ಬಾಗಿಲು ಎಲ್ಲ ಹೊಸದಾಗಿ ಮಾಡಿಸಿದೆವು. ಆ ಬಡಿಗೇರರು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು, ಕಡಿಮೆ ಬಂದದ್ದರಲ್ಲೂ ಎರಡು ನೂಲು (ಕಾಲು ಇಂಚು) ಬಿಟ್ಟು ಕೆಲಸ ಹಿಡಿದರು. ಕೆಳಗೆ ಗೋಡೆಯ ಬುಡಕ್ಕೆ ಹಚ್ಚುವ ಸ್ಕರ್ಟಿಂಗ್ ಟೈಲ್ ಗೋಡೆಯಿಂದ ಮುಂದೆ ಬರುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ನೀವು ಸಹಿ ಹಾಕುವ ಹಾಳೆಯ ಮೇಲೆ "ಪ್ಲಾಸ್ಟರ್, ಟೈಲ್ ಆದ ಮೇಲಿನ ಅಳತೆ" ಎಂದು ಬರೆಸಿಕೊಳ್ಳಿ.

ಸೋಫಾ ಮಾತ್ರ ಅವ್ವನಿಂದ ಉಳಿಯಿತು. ಶೋರೂಮಿನಲ್ಲಿ ಚಿಕ್ಕದಾಗಿ ಕಂಡ ಎಲ್ ಆಕಾರದ ಸೋಫಾದ ಅಳತೆ ತಂದಿದ್ದೆ. ಅವ್ವ ರಂಗೋಲಿ ಪುಡಿಯಲ್ಲಿ ಹಾಲಿನ ನೆಲದ ಮೇಲೆ ಅದರ ಗೆರೆ ಹಾಕಿದಳು, ಮುಂದೆ ಟಿವಿ ಸ್ಟ್ಯಾಂಡಿನದೂ ಹಾಕಿದಳು. ನಡುವೆ ಓಡಾಡಲು ಒಂದೂವರೆ ಅಡಿ ಉಳಿಯಿತು. ಕನಿಷ್ಠ ಎರಡೂವರೆ ಅಡಿ ಇಲ್ಲದಿದ್ದರೆ ತಾಟು ಹಿಡಿದುಕೊಂಡು ದಾಟುವುದೂ ಕಷ್ಟ. ಮೂರು ಜನ ಕೂರುವ ನೆಟ್ಟಗಿನ ಸೋಫಾ ತಂದೆವು. ಬಾಗಿಲಿನ ಅಳತೆಯನ್ನೂ ಚೌಕಟ್ಟಿನ ಒಳಗಿಂದ ಒಳಗೆ ಹಿಡಿಯಿರಿ. ಮೂರಡಿ ಬಾಗಿಲು ಅಂದರೆ ಸಾಮಾನು ದಾಟಲು ಪೂರಾ ಮೂರಡಿ ಸಿಗುವುದಿಲ್ಲ.

ನನಗೆ ಈಗಲೂ ಹೊಟ್ಟೆ ಉರಿಯುವುದು ದೇವರ ಮನೆಯ ಪಕ್ಕದ ಗೂಡಿಗೆ. ಅವ್ವ ಕಿನ್ನಾಳದಿಂದ ತಂದ ಕಟ್ಟಿಗೆಯ ಗೌರಮ್ಮನ ಗೊಂಬೆ ಹನ್ನೆರಡೂವರೆ ಇಂಚು ಎತ್ತರ. 14 ಇಂಚಿನ ಗೂಡು ಬಿಡಿಸಿದ್ದೆ, ಸಾಕು ಅಂದುಕೊಂಡಿದ್ದೆ. ಕೆಳಗೆ ಮುಕ್ಕಾಲು ಇಂಚಿನ ಗ್ರಾನೈಟು, ಅದರಡಿ ಅರ್ಧ ಇಂಚು ಸಿಮೆಂಟು, ಮೇಲೆ ಅರ್ಧ ಇಂಚು ಪ್ಲಾಸ್ಟರ್. ಉಳಿದದ್ದು ಹನ್ನೆರಡೂಕಾಲು. ಹಬ್ಬದ ಹಿಂದಿನ ಸಂಜೆ ಒಳಗೆ ಸರಿಸುವಾಗ ಕಿರೀಟದ ತುದಿ ಮೇಲಕ್ಕೆ ತಾಗಿ, ಕಾಳಿನಷ್ಟು ಬಣ್ಣ ಎದ್ದು ಒಳಗಿನ ಕಟ್ಟಿಗೆ ಕಂಡಿತು. ಅವ್ವ ಏನೂ ಅನ್ನಲಿಲ್ಲ. ಗೊಂಬೆಯನ್ನು ಸೆರಗಿನಲ್ಲಿ ಒರೆಸಿ ತನ್ನ ಟ್ರಂಕಿನ ಮೇಲೆ ಇಟ್ಟುಕೊಂಡಳು.