ಶೋಜಿ ಮಾಡಲು ಕಲಿತೆ, ಮಾರಲು ಕಲಿಸಲಿಲ್ಲ

ಕ್ಯೋಟೋದ ಹಳೆಯ ಮರದ ಮನೆಯೊಂದರ ಹಿಂಭಾಗದಲ್ಲಿ ನಡೆಯುವ ತರಗತಿ. ಎಂಟು ಶನಿವಾರ, ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ. ಶುಲ್ಕ 96,000 ಯೆನ್; ಮರ, ಕಾಗದ, ಅಂಟು ಎಲ್ಲ ಅದರಲ್ಲೇ ಸೇರಿತ್ತು. ಕಲಿಯಲು ಬಂದವರು ನಾಲ್ಕೇ ಜನ. ಶೋಜಿ ಅಂದರೆ ಜಪಾನಿ ಮನೆಗಳ ಸರಿಸುವ ಕಾಗದದ ಬಾಗಿಲು, ಬ್ಯೋಬು ಅಂದರೆ ಮಡಚಿಡುವ ಕಾಗದದ ಪರದೆ. ಎರಡನ್ನೂ ಮಾಡಲು, ಮಾರಲು ಕಲಿಸುತ್ತೇವೆ ಎಂದು ಅವರ ಕರಪತ್ರದಲ್ಲಿತ್ತು. ಮಾಡುವ ಮಟ್ಟಿಗೆ ನಾನು ಕೊಟ್ಟ ದುಡ್ಡು ಪೂರ್ತಿ ವಸೂಲಾಯಿತು. ಮಾರುವ ಮಾತು ಬೇರೆ.

ಮೊದಲ ಎರಡು ವಾರ ಕಾಗದ ಮುಟ್ಟಲೇ ಬಿಡಲಿಲ್ಲ. ಇಲ್ಲಿನ ಗರಗಸವೂ ಉಜ್ಜುಗೊರಡೂ ನಮ್ಮ ಕಡೆಗೆ ಎಳೆದಾಗ ಕೊಯ್ಯುತ್ತವೆ. ಹಿನೋಕಿ ಮರದ ತೆಳು ಪಟ್ಟಿಗಳನ್ನು ಒಟ್ಟಿಗೆ ಬಿಗಿದು, ಎಲ್ಲಕ್ಕೂ ಒಂದೇ ಎಳೆತದಲ್ಲಿ ಕಚ್ಚು ಹಾಕಬೇಕು. ಒಂದೊಂದಾಗಿ ಕೊಯ್ದರೆ ಅಳತೆ ಕೂದಲೆಳೆಯಷ್ಟು ತಪ್ಪುತ್ತದೆ, ಜಾಲರಿ ಕೂಡಿಸುವಾಗ ಆ ಕೂದಲೆಳೆಗಳೆಲ್ಲ ಸೇರಿ ಚೌಕಟ್ಟನ್ನೇ ಸೊಟ್ಟ ಮಾಡುತ್ತವೆ. ಪಟ್ಟಿ ತೀರಾ ಬಿಗಿಯಾಗಿದ್ದು ಕಚ್ಚಿನೊಳಗೆ ಕೂರದಿದ್ದರೆ ಕೊರೆಯುವುದಲ್ಲ, ಸುತ್ತಿಗೆಯಿಂದ ಹಗುರಾಗಿ ಬಡಿದು ಮರವನ್ನು ಅದುಮುವುದು. ಕೂಡಿಸಿದ ಮೇಲೆ ಅದು ತೇವ ಹೀರಿ ಮತ್ತೆ ಉಬ್ಬಿ ಕಚ್ಚಿಕೊಳ್ಳುತ್ತದೆ. ಇದಕ್ಕೆ ಕಿಗೊರೋಶಿ ಎನ್ನುತ್ತಾರೆ. ಸೆನ್‌ಸೆಯ್‌ಗೆ, ಅಂದರೆ ನಮ್ಮ ಗುರುಗಳಿಗೆ, ಎಪ್ಪತ್ತರ ಹತ್ತಿರ ವಯಸ್ಸು, ಮಾತು ಕಡಿಮೆ. ನನ್ನ ಕೆಲಸ ನೋಡಿ "ಮೋ ಇಚಿದೋ", ಇನ್ನೊಂದು ಸಲ, ಎಂದು ಪಟ್ಟಿ ಕೆಳಗಿಡುತ್ತಿದ್ದರು. ಮೂರನೆಯ ಶನಿವಾರ ಹೊತ್ತಿಗೆ ಆ ಮಾತು ಕೇಳಿದರೆ ನನಗೆ ಬೇಸರಕ್ಕಿಂತ ಧೈರ್ಯವೇ ಬರುತ್ತಿತ್ತು.

ಕಾಗದ ಮಿನೋದ್ದು, ಕೋಜೊ ಗಿಡದ ನಾರಿನದು. ಗಿಫು ಪ್ರಾಂತ್ಯದ ಹೊನ್‌ಮಿನೋಶಿ ಕಾಗದದ ಕೈಕಸುಬು 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಹಾಳೆಯನ್ನು ಬೆಳಕಿಗೆ ಹಿಡಿದರೆ ನಾರುಗಳು ಒಂದರ ಮೇಲೊಂದು ಹಾಯ್ದಿರುವುದು ಕಾಣುತ್ತದೆ. ಅಂಟಿಸುವುದು ಕೆಳಗಿನಿಂದ ಮೇಲಕ್ಕೆ: ಮೇಲಿನ ಹಾಳೆ ಕೆಳಗಿನದರ ಅಂಚಿನ ಮೇಲೆ ಹತ್ತಿ ಕೂತರೆ ಸಂದಿನಲ್ಲಿ ಧೂಳು ನಿಲ್ಲುವುದಿಲ್ಲ. ಅಂಟು ಒಣಗಿದ ಮೇಲೆ ನೀರು ಚಿಮುಕಿಸಬೇಕು. ಸುಕ್ಕುಸುಕ್ಕಾಗಿದ್ದ ಕಾಗದ ಆರುತ್ತಾ ಆರುತ್ತಾ ಚರ್ಮವಾದ್ಯದಂತೆ ಬಿಗಿಯುತ್ತದೆ. ಮೊದಲ ಸಲ ಅದನ್ನು ಕಂಡಾಗ ಊಟಕ್ಕೆ ಏಳಲೂ ಮನಸ್ಸಾಗಲಿಲ್ಲ.

ಈ ತರಗತಿಗೆ ಹೋಗಲೇಬೇಕಾದ ಕಾರಣ ಮಾತ್ರ ಬ್ಯೋಬುವಿನ ಕಾಗದದ ಕೀಲು. ಹಿಂದೆ ಪರದೆಯ ಹಲಗೆಗಳನ್ನು ದಾರದಿಂದಲೋ ತೊಗಲಿನಿಂದಲೋ ಕಟ್ಟುತ್ತಿದ್ದರಂತೆ, ಒಂದೊಂದಕ್ಕೂ ಬೇರೆ ಅಂಚು, ಬೇರೆ ಚಿತ್ರ. ಕಾಗದದ ಕೀಲು ಬಂದ ಮೇಲೆ ಚಿತ್ರ ಒಂದು ಹಲಗೆಯಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಹರಿಯಿತು. ಕೀಲಿನ ಪಟ್ಟಿಗಳಲ್ಲಿ ಒಂದು ಈ ಹಲಗೆಯ ಮುಂದಿನಿಂದ ಆ ಹಲಗೆಯ ಹಿಂದಕ್ಕೆ, ಮುಂದಿನದು ಹಿಂದಿನಿಂದ ಮುಂದಕ್ಕೆ, ಹೀಗೆ ಅದಲುಬದಲಾಗಿ ಹೋಗುತ್ತದೆ. ಹಾಗಾಗಿ ಪರದೆ ಎರಡೂ ಕಡೆಗೆ ಮಡಚುತ್ತದೆ. ಒಂದು ಮೊಳೆಯಿಲ್ಲ, ಲೋಹವಿಲ್ಲ. ಹಲಗೆ ಎನ್ನುತ್ತೇನಾದರೂ ಅದು ಒಳಗೆ ಮರದ ಜಾಲರಿ, ಮೇಲೆ ಪದರ ಪದರ ಕಾಗದ. ನಡುವಿನ ಒಂದು ಪದರಕ್ಕೆ ಅಂಚಿಗಷ್ಟೇ ಅಂಟು; ಉಳಿದದ್ದು ಚೀಲದಂತೆ ಸಡಿಲವಾಗಿ ನಿಂತು ಮಳೆಗಾಲದ ಹಿಗ್ಗು, ಚಳಿಗಾಲದ ಕುಗ್ಗು ಎರಡನ್ನೂ ತಾಳಿಕೊಳ್ಳುತ್ತದೆ.

ಅಂಟು ಗೋಧಿಯ ಪಿಷ್ಟದ್ದು. ನೀರು ತಗುಲಿದರೆ ಬಿಡುವಂಥ ಅಂಟನ್ನೇ ಹಾಕಬೇಕೆಂದು ಸೆನ್‌ಸೆಯ್ ಎರಡು ಮೂರು ಸಲ ಹೇಳಿದರು. ಅದರ ಬೆಲೆ ನನಗೆ ತಿಳಿದದ್ದು ತರಗತಿ ಮುಗಿದ ಮೇಲೆ.

ಮಾರಾಟದ ಪಾಠ ಕೊನೆಯ ಶನಿವಾರದ ಮಧ್ಯಾಹ್ನ, ಎರಡು ಗಂಟೆ. ಅದನ್ನು ನಡೆಸಿದ್ದು ಸೆನ್‌ಸೆಯ್ ಅಲ್ಲ, ಕಚೇರಿ ನೋಡಿಕೊಳ್ಳುವವರು. ಫೋಟೋ ಹೇಗೆ ತೆಗೆಯುವುದು, ಮಿನ್ನೆ, ಕ್ರೀಮಾದಂಥ ಕರಕುಶಲ ತಾಣಗಳಲ್ಲಿ ಹೇಗೆ ಹಾಕುವುದು, ಇಷ್ಟೇ. ಸಾಗಾಟದ ಬಗ್ಗೆ ಒಂದು ಮಾತೂ ಬರಲಿಲ್ಲ. ನನ್ನ ಮೊದಲ ಶೋಜಿಯನ್ನು ಸೆಂಡಾಯ್‌ನವರೊಬ್ಬರು ಕೊಂಡರು. ಅಗಲ 90, ಎತ್ತರ 176, ದಪ್ಪ 3, ಕೂಡಿಸಿದರೆ 269 ಸೆಂ.ಮೀ. ತಕ್ಯೂಬಿನ್ ಪಾರ್ಸೆಲ್ ಒಪ್ಪುವುದು ಮೂರೂ ಅಳತೆ ಸೇರಿ 200 ಸೆಂ.ಮೀ. ವರೆಗೆ. ದೊಡ್ಡ ಸಾಮಾನಿನ ಸಾಗಾಟಕ್ಕೆ ಕೊಟ್ಟರೆ ಬಂದ ಲಾಭವೆಲ್ಲ ಅಲ್ಲೇ ಹೋಗುತ್ತಿತ್ತು. ಕ್ಷಮೆ ಕೇಳಿ ದುಡ್ಡು ವಾಪಸ್ ಮಾಡಿದೆ. ಹೆಚ್ಚು ನೋವಾದದ್ದು ನನ್ನ ಜೊತೆ ಕಲಿತ ಇನ್ನೊಬ್ಬ ವಿದೇಶಿ ಹುಡುಗಿಯ ವಿಷಯದಲ್ಲಿ. ನನಗೆ ಕಾಯಂ ವಾಸದ ಅನುಮತಿ ಇದೆ. ಕಂಪನಿ ಕೆಲಸದ ವೀಸಾದಲ್ಲಿರುವ ಆಕೆ ಬೇರೆ ಸಂಪಾದನೆಗೆ ವಲಸೆ ಕಚೇರಿಯ ಅನುಮತಿ ಮೊದಲೇ ಪಡೆಯಬೇಕು. ವಿದೇಶಿಯರಿಂದ ಶುಲ್ಕ ತೆಗೆದುಕೊಂಡು ಮಾರಲು ಕಲಿಸುವವರು ಇದನ್ನು ಮೊದಲ ದಿನವೇ ಹೇಳಬೇಕಿತ್ತು. ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ.

ಆಮೇಲೆ ನಾನೇ ಕಂಡುಕೊಂಡದ್ದು ಇದು. ಮಾರ್ಚ್ 3ರ ಗೊಂಬೆ ಹಬ್ಬಕ್ಕೆ ಹಿನಾ ಗೊಂಬೆಗಳ ಹಿಂದೆ ನಿಲ್ಲಿಸುವ ಪುಟ್ಟ ಬ್ಯೋಬು ಪಾರ್ಸೆಲ್‌ನಲ್ಲಿ ಸಲೀಸಾಗಿ ಹೋಗುತ್ತದೆ. ಫೆಬ್ರವರಿಯಲ್ಲಿ ಮೂರು ಮಾರಿದೆ. ಇನ್ನೊಂದು ದಾರಿ ಹಳೆಯ ಶೋಜಿಗೆ ಹೊಸ ಕಾಗದ ಹಾಕಿಕೊಡುವುದು. ಹೊಸ ಫ್ಲಾಟುಗಳಲ್ಲಿ ತತಾಮಿ ಚಾಪೆ ಹಾಸಿದ ಕೋಣೆಯೇ ಅಪರೂಪವಾದರೂ ಹಳೆಯ ಮನೆಗಳಲ್ಲಿ ಶೋಜಿ ಇದ್ದೇ ಇದೆ. ಡಿಸೆಂಬರ್‌ನಲ್ಲಿ ಪಕ್ಕದ ಮನೆಯ ಹಿರಿಯ ಹೆಂಗಸು ಹೊಸ ವರ್ಷಕ್ಕೆ ಮುಂಚೆ ನಾಲ್ಕು ಬಾಗಿಲು ಆಗಬೇಕು ಎಂದರು, ಒಂದಕ್ಕೆ 3,000 ಯೆನ್. ಮೂರರಲ್ಲಿ ಒದ್ದೆ ಬಟ್ಟೆ ಒತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಕಾಗದ ಉದ್ದಕ್ಕೆ ಸುಲಿದು ಬಂತು. ನಾಲ್ಕನೆಯದಕ್ಕೆ ಯಾರೋ ಮರಗೆಲಸದ ಅಂಟು ಹಾಕಿದ್ದರು. ಒಂದು ಇಡೀ ದಿನ ಉಳಿಯ ತುದಿಯಿಂದ ಕೆರೆದೆ, ಎರಡು ಪಟ್ಟಿ ಮುರಿದವು, ಹೊಸದು ಮಾಡಿ ಕೂರಿಸಿದೆ. ಕಿಗೊರೋಶಿ ಆವತ್ತು ಕೈಗೆ ಬಂತು.

ಸೆನ್‌ಸೆಯ್ ಅವರ ಸ್ವಂತ ಆರ್ಡರ್ ಪುಸ್ತಕದಲ್ಲಿ ಹೆಚ್ಚಿನವು ದೇವಸ್ಥಾನ, ವಸತಿಗೃಹಗಳ ಇಂಥ ಕಾಗದ ಬದಲಿಸುವ ಕೆಲಸಗಳೇ. ಮಾರಾಟದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪುಸ್ತಕ ಆ ಮನೆಯಲ್ಲಿ ಬೇರೆ ಇರಲಿಲ್ಲ. ನೀವು ಸೇರುವುದಾದರೆ ಸೇರಿ, ಕೊನೆಯ ಶನಿವಾರ ಫೋಟೋ ಪಾಠ ಬಿಟ್ಟು ಅವರ ಪಕ್ಕ ಕೂತು, ಹಳೆಯ ಕಾಗದ ಬಿಡಿಸುವುದನ್ನು ಕಲಿಸಿಕೊಡಿ ಎಂದು ಕೇಳಿ.