ಮಾಯಾಲೋಕದಲ್ಲಿ ಮೊಬೈಲ್: ಕೆಡಲಿಯೋ, ನಡೆಯಲಿಯೋ?

ಫ್ಯಾಂಟಸಿ ಬರೆಯುವವರಿಗೆ ಎರಡು ದಾರಿ. ಒಂದು, ಮಾಯೆಯಿರುವಲ್ಲಿ ಎಲೆಕ್ಟ್ರಾನಿಕ್ ಸಾಮಾನು ಕೆಡುತ್ತದೆ ಎನ್ನುವುದು. ಹ್ಯಾರಿ ಪಾಟರ್ ಕಥೆಗಳ ಮಾಯಾಶಾಲೆ ಹಾಗ್ವಾರ್ಟ್ಸ್‌ನಲ್ಲಿ ಇದೇ ನಿಯಮ. ಗೂಬೆ ಪತ್ರ ತರುವವರೆಗೆ ಕಾಯಬೇಕು, ಆ ಕಾಯುವಿಕೆಯೇ ಕಥೆಗೆ ಬಿಗಿ ಕೊಡುತ್ತದೆ. ಆದರೆ ಕೀಲಿ ಕೊಡುವ ಗಡಿಯಾರ ಓಡಲಿ. ಅದರಲ್ಲಿರುವುದು ಬರೀ ಸ್ಪ್ರಿಂಗು, ಹಲ್ಲುಚಕ್ರ.

ಇನ್ನೊಂದು, ಫೋನ್ ನಡೆಯುತ್ತದೆ ಎನ್ನುವುದು. ಎಡವುವುದು ಇಲ್ಲೇ. ಟವರ್ ಇಲ್ಲದೆ ಕರೆಯಿಲ್ಲ. ಕನಿಷ್ಠ 4 ಉಪಗ್ರಹಗಳಿಲ್ಲದೆ ಜಿಪಿಎಸ್ ಜಾಗ ಹೇಳದು. ಟಾರ್ಚ್, ಕ್ಯಾಮೆರಾ, ಮೊದಲೇ ಡೌನ್‌ಲೋಡ್ ಮಾಡಿದ್ದು ಮಾತ್ರ ಉಳಿಯುತ್ತವೆ. ಸಿಗ್ನಲ್ ಹುಡುಕಿ ಹುಡುಕಿ ಬ್ಯಾಟರಿ ಬೇಗ ಇಳಿಯುತ್ತದೆ, ಆದ್ದರಿಂದ ಏರೋಪ್ಲೇನ್ ಮೋಡ್ ಹಾಕಿಸಿ. 5000 ಎಂಎಎಚ್ ಬ್ಯಾಟರಿ ತುಂಬಲು 10 ವಾಟ್ ಸೋಲಾರ್ ಪ್ಯಾನೆಲ್‌ಗೆ ಒಳ್ಳೆಯ ಬಿಸಿಲಿನಲ್ಲೂ ಸುಮಾರು 4 ಗಂಟೆ ಬೇಕು. ಮಂತ್ರದಿಂದ ಚಾರ್ಜ್ ಮಾಡಿಸಿದರೆ ಮಂತ್ರವಾದಿಗೆ ದಣಿವಾದರೂ ಆಗಲಿ.

ಸಣ್ಣಕಥೆಗೆ ಮೊದಲನೆಯದೇ ಸಲೀಸು.