ಬಿಟ್ಟು ಬಿಟ್ಟು ಏರುವ ಬಿಪಿಯನ್ನು ಟೆನ್ಷನ್ ಎಂದು ಬಿಡಬೇಡಿ

ತಲೆ ಸಿಡಿಯುವಷ್ಟು ನೋವು, ಮೈತುಂಬ ಬೆವರು, ನಿಲ್ಲದ ಎದೆಬಡಿತ. ಈ ಮೂರೂ ಒಟ್ಟಿಗೆ ಬಂದು, ಸ್ವಲ್ಪ ಹೊತ್ತಿನಲ್ಲಿ ತಾವಾಗಿಯೇ ಇಳಿಯುತ್ತಿದ್ದರೆ ದಯವಿಟ್ಟು ಸುಮ್ಮನಿರಬೇಡಿ; ಅಪರೂಪಕ್ಕೆ ಅದು ಅಡ್ರಿನಲ್ ಗ್ರಂಥಿಯ ಗಡ್ಡೆಯಿಂದಲೂ ಆಗಿರಬಹುದು. ಕಲಬುರಗಿಯಲ್ಲಿ ನನ್ನ ಅಕ್ಕನಿಗೆ ವೈದ್ಯರು ವರ್ಷಕ್ಕೂ ಹೆಚ್ಚು ಕಾಲ ‘ಟೆನ್ಷನ್’ ಎಂದು ಹೇಳಿ ನಿದ್ದೆ ಮಾತ್ರೆ ನುಂಗಿಸಿದರು.

ಬಗ್ಗಿ ರೊಟ್ಟಿ ಬಡಿಯುವಾಗಲೇ ಅದು ಹೆಚ್ಚಾಗಿ ಬರುತ್ತಿತ್ತು. ಬೆರಳು ನಡುಗಿ ಜೋಳದ ಹಿಟ್ಟು ಕೈಯಿಂದ ಜಾರುತ್ತಿತ್ತು. ನಮ್ಮೂರಿನ ಮೇ ತಿಂಗಳಲ್ಲಿ ಬೆವರುವುದು ಯಾರಿಗೂ ವಿಶೇಷವಲ್ಲ, ನಿಜ. ಆದರೆ ಬಿಸಿಲಿಗೆ ಬೆವರುವವರ ಮುಖ ಕೆಂಪೇರುತ್ತದೆ. ಅಕ್ಕನ ಮುಖ ಸುಣ್ಣದಂತೆ ಬಿಳಿಚುತ್ತಿತ್ತು. ಇದನ್ನು ಹೇಳಿದರೆ ಯಾರೂ ಕಿವಿಗೊಡಲಿಲ್ಲ. ದವಾಖಾನೆ ತಲುಪುವಷ್ಟರಲ್ಲಿ ಬಿಪಿ ಸರಿಯಾಗಿರುತ್ತಿತ್ತು, ಅಷ್ಟೇ ಅವರಿಗೆ ಸಾಕಾಗಿತ್ತು.

ಎದೆಬಡಿತಕ್ಕೆಂದು ಪ್ರೊಪ್ರನಲಾಲ್ ಬರೆದುಕೊಟ್ಟ ಮೇಲೆ ಬಿಪಿ ಇನ್ನಷ್ಟು ಏರತೊಡಗಿತು. ಆಮೇಲೊಂದು ಸಂಜೆ ವಾಂತಿಯೆಂದು ನರ್ಸಿಂಗ್ ಹೋಮ್‌ಗೆ ಕರೆದೊಯ್ದಾಗ ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್ ಕೊಟ್ಟರು. ನೋಡನೋಡುತ್ತಿದ್ದಂತೆ ಯಂತ್ರ 240/130 ತೋರಿಸಿತು. “ತಮ್ಮಾ, ಎದೆ ಒಡೆದುಹೋಗುತ್ತದೆ” ಎಂದು ಅಕ್ಕ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಆ ರಾತ್ರಿಯೇ ಆಂಬುಲೆನ್ಸ್‌ನಲ್ಲಿ ಹೈದರಾಬಾದಿಗೆ ಹೊರಟೆವು.

ಅಲ್ಲಿನ ವೈದ್ಯೆ ಹಳೆಯ ಚೀಟಿಗಳನ್ನೆಲ್ಲ ತಾಳ್ಮೆಯಿಂದ ಓದಿ, 24 ಗಂಟೆಯ ಮೂತ್ರದಲ್ಲಿ ಮೆಟಾನೆಫ್ರಿನ್ (ಅಡ್ರಿನಲಿನ್‌ನಂಥ ಹಾರ್ಮೋನುಗಳು ಮಾರ್ಪಟ್ಟು ಆಗುವ ವಸ್ತು) ಅಳೆಯಲು ಬರೆದರು. ಬಳಿಕ ಸಿ.ಟಿ. ಸ್ಕ್ಯಾನ್. ಬಲಗಡೆಯ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ: ಫಿಯೋಕ್ರೊಮೊಸೈಟೋಮಾ.

ಮೂತ್ರಪಿಂಡಗಳ ಮೇಲೆ ಒಂದೊಂದು ಅಡ್ರಿನಲ್ ಗ್ರಂಥಿ ಕೂತಿರುತ್ತದೆ. ಅದರ ಒಳತಿರುಳೇ ಮೆಡುಲ್ಲಾ. ಹೆದರಿಕೆಯಾದಾಗ ನರತುದಿಗಳು ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕವನ್ನು ಸ್ರವಿಸುತ್ತವೆ, ಅಲ್ಲಿನ ಕ್ರೊಮಾಫಿನ್ ಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಅಲ್ಲಿ ಕೂಡಿಟ್ಟ, ಬಿಪಿ ಏರಿಸುವ ಹಾರ್ಮೋನುಗಳಾದ ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ರಕ್ತಕ್ಕೆ ಸೇರುತ್ತವೆ. ಗಡ್ಡೆ ನರದ ಅಪ್ಪಣೆಗೆ ಕಾಯುವುದಿಲ್ಲ. ಬಗ್ಗಿದಾಗ ಹೊಟ್ಟೆ ಒತ್ತಿದರೂ ಸಾಕು, ಸುರಿದುಬಿಡುತ್ತದೆ. ಈ ಹಾರ್ಮೋನುಗಳು ಗಡ್ಡೆಯೊಳಗೇ ಸದಾ ಮೆಟಾನೆಫ್ರಿನ್ ಆಗಿ ಮಾರ್ಪಡುತ್ತಿರುವುದರಿಂದ, ಬಿಪಿ ಸರಿಯಿದ್ದ ಹೊತ್ತಿನಲ್ಲೂ ಈ ಪರೀಕ್ಷೆಯಲ್ಲಿ ರೋಗ ಸಿಕ್ಕಿಬೀಳುತ್ತದೆ.

ಪ್ರೊಪ್ರನಲಾಲ್ ಮುಳುವಾದದ್ದಕ್ಕೂ ಕಾರಣವಿದೆ. ರಕ್ತನಾಳವನ್ನು ಹಿಗ್ಗಿಸುವ ಬೀಟಾ ಗ್ರಾಹಕಗಳನ್ನು, ಎಂದರೆ ಹಾರ್ಮೋನಿನ ಸಂದೇಶ ಹಿಡಿಯುವ ತಾಣಗಳನ್ನು, ಅದು ತಡೆಯುತ್ತದೆ. ಬಿಗಿಯುವ ಆಲ್ಫಾ ಗ್ರಾಹಕಗಳಿಗೆ ಆಗ ಎದುರಾಳಿಯೇ ಇರುವುದಿಲ್ಲ. ಮೊದಲು ಪ್ರಾಜೋಸಿನ್‌ನಂಥ ಆಲ್ಫಾ ಬ್ಲಾಕರ್, ಬೇಕಿದ್ದರೆ ಆಮೇಲೆ ಬೀಟಾ ಬ್ಲಾಕರ್; ಈ ಕ್ರಮ ತಪ್ಪಿದರೆ ಜೀವಕ್ಕೇ ಅಪಾಯ. ಅಕ್ಕನಿಗೆ ಕೊಟ್ಟ ವಾಂತಿಯ ಇಂಜೆಕ್ಷನ್ನಿನಂತೆ ಸ್ಟೀರಾಯ್ಡ್, ಮೂಗು ಕಟ್ಟಿದಾಗ ಕೊಡುವ ಕೆಲವು ಮಾತ್ರೆಗಳು, ಸಿದ್ಧತೆಯಿಲ್ಲದೆ ಕೊಡುವ ಅರಿವಳಿಕೆ ಕೂಡ ಗಡ್ಡೆಯನ್ನು ಕೆರಳಿಸಬಲ್ಲವು. ಅಡ್ರಿನಲ್‌ನಲ್ಲಿ ಗಡ್ಡೆ ಕಂಡಿದೆ, ಸೂಜಿ ಹಾಕಿ ತುಣುಕು ತೆಗೆಯೋಣ ಎಂದರೆ ಮೆಟಾನೆಫ್ರಿನ್ ವರದಿ ಬರುವವರೆಗೆ ಒಪ್ಪಬೇಡಿ. ಆದರೆ ಇದನ್ನು ಓದಿ, ವೈದ್ಯರನ್ನು ಕೇಳದೆ ನುಂಗುತ್ತಿರುವ ಬಿಪಿ ಮಾತ್ರೆಯನ್ನು ನಿಲ್ಲಿಸಲೂಬೇಡಿ. ಬಿಪಿ ಇರುವವರಲ್ಲಿ ಈ ಗಡ್ಡೆ ಅಪರೂಪ.

ಅಕ್ಕನಿಗೆ ಆಲ್ಫಾ ಬ್ಲಾಕರ್ ಜೊತೆಗೆ ಉಪ್ಪು, ನೀರು ಹೆಚ್ಚಿಸಿ, ಬಿಪಿ ಹತೋಟಿಗೆ ಬಂದ ಮೇಲೆಯೇ ಶಸ್ತ್ರಚಿಕಿತ್ಸೆ ಮಾಡಿದರು. ಗಡ್ಡೆ ತೆಗೆದೊಡನೆ ಬಿಪಿ ಒಮ್ಮೆಲೇ ಕುಸಿಯಬಹುದೆಂದು ಐಸಿಯುನಲ್ಲಿಟ್ಟು ಕಾದರು. ಈಗ ಆರಾಮವಾಗಿದ್ದಾಳೆ, ಪ್ರತಿ ವರ್ಷ ಮೆಟಾನೆಫ್ರಿನ್ ಪರೀಕ್ಷೆ ಮಾಡಿಸುತ್ತಾಳೆ. ಸುಮಾರು ಮೂರರಲ್ಲಿ ಒಬ್ಬ ರೋಗಿಗೆ ಇದು ವಂಶವಾಹಿಯಿಂದ ಬಂದಿರುತ್ತದೆ. ಹಾಗಾಗಿ ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಗಡ್ಡೆ ಇದ್ದಿದ್ದರೆ, ಜೀನ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ನೀವೇ ಕೇಳಿ. ಅವರು ಹೇಳಲಿ ಎಂದು ಕಾಯಬೇಡಿ.